ಅಂಗೈಯಗಲದ ತರಗತಿ

(ಕರ್ನಾಟಕದ ಪದವಿ ವಿದ್ಯಾರ್ಥಿಗಳಿಗಾಗಿ ಹೊರನಾಡ ಕನ್ನಡಿಗರು ನಡೆಸಿದ ಅಂತರಜಾಲ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಆನ್‌ಲೈನ್ ಕೋರ್ಸು ಮಾಡುವವರಿಗೆ ತಾಂತ್ರಿಕ ಸಲಹೆ ಕೊಡಬೇಕೆಂದು ಸಂಘಟಕರು ನನ್ನನ್ನು ಕೇಳಿದ್ದಾರೆ. ಇಂಥ ಸಲಹೆಗಳ ಪಟ್ಟಿಗಳಿಗೆ ಬರವಿಲ್ಲ. ಅವು ಸಾಮಾನ್ಯವಾಗಿ ಆರಂಭವಾಗುವುದು ಹೀಗೆ: ಒಳ್ಳೆಯ ಲ್ಯಾಪ್‌ಟಾಪ್ ಇರಲಿ, ವೇಗದ ಇಂಟರ್‌ನೆಟ್ ಇರಲಿ, ಸದ್ದುಗದ್ದಲವಿಲ್ಲದ ಕೋಣೆಯೊಂದು ಇರಲಿ. ಈ ಮೂರೂ ಉಳ್ಳವರಿಗೆ ಸಲಹೆಯ ಅಗತ್ಯ ಅಷ್ಟಾಗಿ ಇರುವುದಿಲ್ಲ. ನಾನು ಮಾತನಾಡಬೇಕೆಂದಿರುವುದು ಉಳಿದವರೊಡನೆ. ಮನೆಮಂದಿಯೆಲ್ಲ ಹಂಚಿಕೊಳ್ಳುವ ಒಂದು ಫೋನು, ದಿನಕ್ಕಿಷ್ಟೇ ಎಂದು ಅಳೆದು ಕೊಟ್ಟ ಡೇಟಾ, ಅಡುಗೆಮನೆಯ ಪಕ್ಕದಲ್ಲೇ ಮಲಗುವ, ಓದುವ ಜಾಗ. ತರಗತಿಯೆಂಬುದು ಅಂಗೈಯಗಲಕ್ಕೆ ಇಳಿದಿರುವ ಈ ವಿದ್ಯಾರ್ಥಿಗೆ ಯಾವ ತಿಳಿವಳಿಕೆ ನಿಜಕ್ಕೂ ಒದಗುತ್ತದೆ ಎಂಬುದು ನನ್ನ ಪ್ರಶ್ನೆ.

ದೂರದಿಂದ ಕಲಿಯುವುದು ಉಳ್ಳವರ ಆವಿಷ್ಕಾರವಲ್ಲ ಎಂಬುದನ್ನು ಮೊದಲು ನೆನಪಿಸುತ್ತೇನೆ. ಇಂದು ಜಗತ್ತಿನ ಅಸಂಖ್ಯ ಕಾಲೇಜುಗಳು ಬಳಸುವ ಮೂಡಲ್ ಎಂಬ ಮುಕ್ತ ತಂತ್ರಾಂಶವನ್ನು 2002ರಲ್ಲಿ ಹೊರತಂದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಜಿಯಾಮಸ್. ಅವರು ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ನಡುವೆ. ಬಾಲ್ಯದ ಪಾಠಗಳನ್ನು ಕೇಳಿದ್ದು ಶಾರ್ಟ್‌ವೇವ್ ರೇಡಿಯೋದಲ್ಲಿ. ಶಾಲೆ ಕೈಗೆಟುಕದ ಮಗುವಿನ ಅನುಭವವೊಂದು ಆ ತಂತ್ರಾಂಶದ ಹಿನ್ನೆಲೆಯಲ್ಲಿದೆ. ನಾನು ಈ ದೇಶದ ವಿಶ್ವವಿದ್ಯಾಲಯವೊಂದರಲ್ಲಿ ಇಂಥ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸದಲ್ಲಿರುವುದರಿಂದ, ಪರದೆಯ ಆಚೆ ಬದಿಯಲ್ಲಿ ಏನು ಕಾಣುತ್ತದೆ ಎಂಬುದನ್ನೂ ನಡುನಡುವೆ ಹೇಳುತ್ತೇನೆ.

ಮೊದಲಿಗೆ, ನೋಂದಣಿ. 2017ರಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯ ಕೋರ್ಸುಗಳನ್ನು ಪದವಿಯ ಕ್ರೆಡಿಟ್ಟಿಗೆ ಲೆಕ್ಕ ಹಿಡಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗ 2016ರ ನಿಯಮದಲ್ಲಿ ಶೇ. 20ರ ಮಿತಿ ಹಾಕಿತ್ತು. 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಈ ಏರಿಕೆಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡು ನಡೆಯುತ್ತಿರುವ ಸರ್ಕಾರಿ ಪದವಿ ಕಾಲೇಜುಗಳಲ್ಲಿ, ಖಾಲಿ ಹುದ್ದೆ ತುಂಬುವ ಬದಲು ವಿಡಿಯೋ ತೋರಿಸಿ ಕೈತೊಳೆದುಕೊಳ್ಳುವ ದಾರಿ ಇದರಿಂದ ಸುಲಭವಾಗುತ್ತದೆ. ಆ ವಾದವನ್ನು ಬೇರೊಂದು ದಿನ ಬೆಳೆಸೋಣ. ಸದ್ಯಕ್ಕೆ ನಿಮಗೆ ಬೇಕಾದದ್ದು ಇಷ್ಟು: ಕೋರ್ಸು ಸೇರುವ ಮೊದಲೇ ನಿಮ್ಮ ಕಾಲೇಜು ಅದನ್ನು ಯಾವ ಪತ್ರಿಕೆಗೆ ಸಮ ಎಂದು ಒಪ್ಪುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಂಕಪಟ್ಟಿಯಲ್ಲಿ ಮೂಡುವುದಿಲ್ಲ.

ಎರಡನೆಯದಾಗಿ, ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಸೇರುವುದು ಉಚಿತ. ಪರೀಕ್ಷೆಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಕೊನೆಯ ದಿನಾಂಕ. ಹನ್ನೆರಡು ವಾರ ಶ್ರದ್ಧೆಯಿಂದ ಪಾಠ ಕೇಳಿದವರು ಈ ಒಂದು ಅರ್ಜಿ ತಪ್ಪಿದ್ದಕ್ಕೆ ಬರಿಗೈಯಲ್ಲಿ ಉಳಿಯಬೇಕಾಗುತ್ತದೆ. ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಅಂಕದ ಹಂಚಿಕೆಯನ್ನೂ ತಿಳಿದಿರಿ: ಮನೆಗೆಲಸಕ್ಕೆ 25, ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸಿನಲ್ಲಿ ಹನ್ನೆರಡು ಮನೆಗೆಲಸಗಳ ಪೈಕಿ ಉತ್ತಮವಾದ ಎಂಟನ್ನು ಮಾತ್ರ ಪರಿಗಣಿಸುತ್ತಾರೆ. ಸುಗ್ಗಿಯ ಕಾಲದಲ್ಲೋ ಮನೆಯಲ್ಲಿ ಕಾಯಿಲೆಯಾದಾಗಲೋ ಒಂದೆರಡು ವಾರ ತಪ್ಪಿದರೆ ಧೈರ್ಯಗೆಟ್ಟು ಕೋರ್ಸನ್ನೇ ಬಿಡಬೇಡಿ. ಈ ಪರೀಕ್ಷೆಯನ್ನು ಬರೆಯುವುದು ನಿಗದಿತ ಕೇಂದ್ರಕ್ಕೆ ಹೋಗಿ; ಆದ್ದರಿಂದ ಬಸ್ಸಿನ ಹೊತ್ತು, ಖರ್ಚು ಎರಡನ್ನೂ ಮೊದಲೇ ಲೆಕ್ಕ ಹಾಕಿ. ಪರಿಶಿಷ್ಟ ಜಾತಿ, ಪಂಗಡದ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಅದನ್ನು ಕೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಇನ್ನು ಡೇಟಾದ ಮಾತು. ಇದನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಈ ಲೆಕ್ಕವನ್ನು ಕಂಪನಿಗಳು ನಿಮಗೆ ಬಿಡಿಸಿ ಹೇಳುವುದಿಲ್ಲ. ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ನಿಮ್ಮ ಪ್ಯಾಕನ್ನು ಬೈಟ್‌ಗಳಲ್ಲಿ ಮಾರುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ವಿಡಿಯೋವೊಂದು ಸೆಕೆಂಡಿಗೆ 1,500 ಕಿಲೊಬಿಟ್ ಎಳೆಯುತ್ತಿದೆ ಎಂದುಕೊಳ್ಳಿ. ಎಂಟರಿಂದ ಭಾಗಿಸಿ, 3,600 ಸೆಕೆಂಡುಗಳಿಂದ ಗುಣಿಸಿದರೆ ಗಂಟೆಗೆ 675 ಮೆಗಾಬೈಟ್. ದಿನಕ್ಕೆ ಒಂದೂವರೆ ಗಿಗಾಬೈಟಿನ ಪ್ಯಾಕು ಎರಡು ಗಂಟೆ ಪಾಠಕ್ಕೆ ಬಹುಮಟ್ಟಿಗೆ ಖಾಲಿ; ಆ ಮೇಲೆ ತಂಗಿಯ ಹೋಂವರ್ಕಿಗೆ ಏನುಳಿಯಿತು? ಅದೇ ಪಾಠದ ಧ್ವನಿಯನ್ನಷ್ಟೇ 64 ಕಿಲೊಬಿಟ್‌ನಲ್ಲಿ ಕೇಳಿದರೆ ಗಂಟೆಗೆ 29 ಮೆಗಾಬೈಟ್ ಸಾಕು. ನೆನಪಿಗೆ ಒಂದು ಸೂತ್ರ: ಕಿಲೊಬಿಟ್ ಸಂಖ್ಯೆಯನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಮೆಗಾಬೈಟ್ ಎಂಬುದು ಸಿಗುತ್ತದೆ.

ಹಾಗಾದರೆ ಮಾಡಬೇಕಾದದ್ದು ಏನು? ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದ ಪಾಠಗಳಲ್ಲಿ ಬಹುಪಾಲು ಅಧ್ಯಾಪಕರ ಮುಖವೇ ಕಾಣುವುದು. ಅವನ್ನು ಅತಿ ಕಡಿಮೆ ಗುಣಮಟ್ಟದಲ್ಲಿ, ಇಲ್ಲವೇ ಬರಿಯ ಧ್ವನಿಯಾಗಿ ಕೇಳಿ. ಗಣಿತ, ರಸಾಯನಶಾಸ್ತ್ರದಲ್ಲಿ ಹಲಗೆಯ ಮೇಲಿನ ಬರಹ ಕಾಣಲೇಬೇಕು. ಅಲ್ಲಿ 360 ಅಥವಾ 480ಕ್ಕೆ ಏರಿಸಿ. ಅದಕ್ಕೂ ಮೇಲಿನದು ಐದಿಂಚಿನ ಪರದೆಗೆ ವ್ಯರ್ಥ. ನೇರ ತರಗತಿಯಲ್ಲಿ ನಿಮ್ಮ ಕ್ಯಾಮೆರಾ ಆರಿಸಿಡಿ. ಮುಖ ತೋರಿಸಲೇಬೇಕೆಂದು ಹಟ ಹಿಡಿಯುವ ಅಧ್ಯಾಪಕರು ಆ ಮುಖದ ಹಿಂದಿನ ಗೋಡೆಯನ್ನೂ ತೋರಿಸೆಂದು ಕೇಳುತ್ತಿದ್ದಾರೆ ಎಂಬುದನ್ನು ದಯವಿಟ್ಟು ಯೋಚಿಸಬೇಕು. ಕಾಲೇಜಿನ ಅಥವಾ ಗ್ರಂಥಾಲಯದ ವೈಫೈ ಸಿಕ್ಕಾಗ ವಾರದ ಪಾಠಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ. ಒಬ್ಬರು ಇಳಿಸಿದ ಕಡತವನ್ನು ಬ್ಲೂಟೂತ್ ಮೂಲಕ ಹತ್ತು ಜನ ಹಂಚಿಕೊಂಡರೆ ಡೇಟಾ ಒಂದು ಹನಿಯೂ ಖರ್ಚಾಗುವುದಿಲ್ಲ. ಎನ್‌ಪಿಟಿಇಎಲ್‌ನ ಅನೇಕ ಕೋರ್ಸುಗಳಿಗೆ ಉಪನ್ಯಾಸದ ಲಿಖಿತ ಪಠ್ಯ ಕನ್ನಡದಲ್ಲಿಯೂ ದೊರೆಯುತ್ತದೆ. ಅನುವಾದ ಎಲ್ಲೆಡೆ ಒಂದೇ ಹದದಲ್ಲಿಲ್ಲ. ಆದರೂ ಇಂಗ್ಲಿಷ್ ಪಠ್ಯದ ಪಕ್ಕದಲ್ಲಿಟ್ಟು ಓದಿದರೆ ದಾರಿ ಕಾಣುತ್ತದೆ.

ಕನ್ನಡದ ಮಾತಿಗೆ ಬಂದೆವು. ನೀವು ಕನ್ನಡದಲ್ಲಿ ಉತ್ತರ ಬರೆಯುವವರಾದರೆ, ಯುನಿಕೋಡ್‌ನಲ್ಲಿಯೇ ಬರೆಯಿರಿ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಅಂದವಾಗಿ ಕಂಡರೂ, ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಮೂಡುತ್ತದೆ. ಆ ಕಡತದಲ್ಲಿ ನಿಜವಾಗಿ ಇರುವುದು ಕನ್ನಡ ಅಕ್ಷರವಲ್ಲ, ಕನ್ನಡದ ಆಕಾರ ತೊಡಿಸಿದ ಇಂಗ್ಲಿಷ್ ಸಂಕೇತ. ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ ಪ್ರಬಂಧಕ್ಕೆ ಈ ಗತಿ ಬರುವುದು ಹೆಚ್ಚು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನೊಮ್ಮೆ ಕಣ್ಣಾಡಿಸಿ. ಫೋನಿನಲ್ಲಾದರೆ ಚಿಂತೆಯಿಲ್ಲ, ಅಲ್ಲಿ ಬರೆದದ್ದೆಲ್ಲ ಯುನಿಕೋಡೇ. ಬೆರಳು ಓಡದಿದ್ದರೆ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯವಿದೆ. ಮೊದಲ ಕರಡಿಗೆ ಅದು ಸಾಕು.

ಇನ್ನೊಂದು ಸೂಕ್ಷ್ಮ. ಪರದೆಯ ಮೇಲೆ ‘ಸ್ತ್ರೀ’ ಒಂದೇ ಅಕ್ಷರದಂತೆ ಕಾಣುತ್ತದೆ. ಯಂತ್ರದ ಲೆಕ್ಕದಲ್ಲಿ ಅದು ಆರು ಸಂಕೇತ, ಹದಿನೆಂಟು ಬೈಟು. ಉತ್ತರಕ್ಕೆ ಐನೂರು ಅಕ್ಷರಗಳ ಮಿತಿ ಎಂದು ವ್ಯವಸ್ಥೆ ಹೇಳಿದಾಗ ಕನ್ನಡದಲ್ಲಿ ಬರೆಯುವವರಿಗೆ ಸಿಗುವ ಜಾಗ ಅದಕ್ಕಿಂತ ಕಿರಿದು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160, ಕನ್ನಡಕ್ಕೆ 70 ಎಂಬ ತಾರತಮ್ಯವೂ ಇದೇ ಬಗೆಯದು. ಯಂತ್ರಗಳಿಗೆ ಭಾಷಾದ್ವೇಷವಿಲ್ಲ ನಿಜ, ಆದರೆ ಅಳತೆಗೋಲನ್ನು ಮೊದಲು ಕೊರೆದವರು ಯಾವ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ. ಅಂಥ ಮಿತಿ ಎದುರಾದರೆ ಅಧ್ಯಾಪಕರಿಗೆ ತಿಳಿಸಿ. ಆಡಳಿತದ ಬದಿಯಲ್ಲಿ ಅದನ್ನು ಬದಲಿಸುವುದು ಸಾಮಾನ್ಯವಾಗಿ ದೊಡ್ಡ ಕೆಲಸವಲ್ಲ.

ಸಲ್ಲಿಕೆಯಲ್ಲಿ ಆಗುವ ಅನಾಹುತಗಳು ನನ್ನ ಕೆಲಸದಲ್ಲಿ ದಿನನಿತ್ಯದ ನೋಟ. ಮೂಡಲ್‌ನಲ್ಲಿ ಕಡತವನ್ನು ಏರಿಸಿದ ಮಾತ್ರಕ್ಕೆ ಸಲ್ಲಿಕೆಯಾಯಿತೆಂದು ತಿಳಿಯಬಾರದು. ಎಷ್ಟೋ ಕೋರ್ಸುಗಳಲ್ಲಿ ಅದು ಕರಡಾಗಿಯೇ ಉಳಿಯುತ್ತದೆ. ಸಲ್ಲಿಸುವ ಗುಂಡಿಯನ್ನು ಮತ್ತೊಮ್ಮೆ ಒತ್ತಿ, ಒಪ್ಪಿಗೆ ಕೊಟ್ಟ ಮೇಲೆಯೇ ಅಧ್ಯಾಪಕರಿಗೆ ‘ಸಲ್ಲಿಸಲಾಗಿದೆ’ ಎಂದು ಕಾಣುವುದು. ಆ ಪದ ಕಂಡ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗಂಟೆ ನೋಡುವುದು ಸರ್ವರ್, ನಿಮ್ಮ ಫೋನಲ್ಲ. ವಿದೇಶಿ ಕೋರ್ಸುಗಳಲ್ಲಿ ಗಡುವು ಯುಟಿಸಿ ಸಮಯದಲ್ಲಿದ್ದರೆ ಐದೂವರೆ ಗಂಟೆ ಕೂಡಿಸಿ: ಅಲ್ಲಿಯ ರಾತ್ರಿ 11.59 ಎಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 5.29. ಆನ್‌ಲೈನ್ ಕಿರುಪರೀಕ್ಷೆಯ ನಡುವೆ ನೆಟ್‌ವರ್ಕ್ ಹೋದರೆ ಪುಟವನ್ನು ಮುಚ್ಚಬೇಡಿ. ಉತ್ತರಗಳು ಆಗಾಗ ತಾವಾಗಿಯೇ ಉಳಿಯುವಂತೆ ವ್ಯವಸ್ಥೆ ಇರುತ್ತದೆ. ಸಂಪರ್ಕ ಮರಳಿದಾಗ ಅಲ್ಲಿಂದಲೇ ಮುಂದುವರಿಯಬಹುದು. ಕರೆಂಟಿನ ಭರವಸೆಯಿಲ್ಲದ ಊರಿನಲ್ಲಿ ಕೊನೆಯ ಗಂಟೆಗೆ ಕಾಯುವುದು ಜೂಜು.

ಖಾತೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಮಿಂಚಂಚೆ ನಿಮ್ಮದೇ ಆಗಿರಲಿ. ಸೈಬರ್ ಸೆಂಟರಿನವರು ತೆರೆದುಕೊಟ್ಟದ್ದಾದರೆ ಇಂದೇ ಗುಪ್ತಪದ ಬದಲಿಸಿ. ಮೂರು ತಿಂಗಳು ಬಳಸದ ಪ್ರೀಪೇಯ್ಡ್ ಸಿಮ್ ನಿಷ್ಕ್ರಿಯವಾಗಬಹುದು, ಆಮೇಲೆ ಆ ಸಂಖ್ಯೆ ಬೇರೆಯವರ ಪಾಲಾಗಬಹುದು. ನಿಮ್ಮ ಒಟಿಪಿಯೂ ಅವರಿಗೇ ಹೋಗುತ್ತದೆ. ಹೆಸರನ್ನು ಗುರುತಿನ ಚೀಟಿಯಲ್ಲಿ ಇರುವಂತೆಯೇ ಬರೆಯಿರಿ.

ಈಗ ಕಣ್ಗಾವಲಿನ ಮಾತು. ಮನೆಯಿಂದ ಬರೆಯುವ ಕೆಲವು ಪರೀಕ್ಷೆಗಳಲ್ಲಿ ಕ್ಯಾಮೆರಾ ನಿಮ್ಮ ಮುಖವನ್ನು ಗುರುತು ಹಿಡಿಯಬೇಕು, ಕಣ್ಣಿನ ಚಲನೆಯನ್ನು ಅಳೆಯಬೇಕು. ಜಾಯ್ ಬುಲಾಂವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ ಸಂಶೋಧನೆ, ಮುಖ ನೋಡಿ ಗಂಡು ಹೆಣ್ಣು ಗುರುತಿಸುವ ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿತು. ಬಿಳಿಯ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8ನ್ನು ಮೀರಲಿಲ್ಲ, ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ ಹೋಯಿತು. ಬಡಿಗೆ ಬಲ್ಬಿನ ಬೆಳಕಿನಲ್ಲಿ ಕುಳಿತ ನಮ್ಮ ಹುಡುಗಿಯ ಮುಖ ‘ಕಾಣುತ್ತಿಲ್ಲ’ ಎಂದು ಯಂತ್ರ ಹೇಳಿದರೆ ದೋಷ ಅವಳ ಮುಖದ್ದಲ್ಲ. ತಾಂತ್ರಿಕವಾಗಿ ಮಾಡಬಹುದಾದದ್ದು: ಬೆಳಕು ಹಿಂದಿನಿಂದಲ್ಲ, ಎದುರಿನಿಂದ ಬೀಳಲಿ, ಪರೀಕ್ಷೆಗೆ ಎರಡು ದಿನ ಮೊದಲೇ ಅಭ್ಯಾಸದ ಕೊಂಡಿ ಕೇಳಿ ಪಡೆಯಿರಿ, ಮುಗಿದ ಮೇಲೆ ಆ ತಂತ್ರಾಂಶವನ್ನು ತೆಗೆದುಹಾಕಿ. ಅಷ್ಟಕ್ಕೆ ನಿಲ್ಲಬೇಕಿಲ್ಲ. ಅಮೆರಿಕದ ಓಹಾಯೋದಲ್ಲಿ ವಿದ್ಯಾರ್ಥಿಯೊಬ್ಬ ಪರೀಕ್ಷೆಗೆ ಮುನ್ನ ತನ್ನ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸಬೇಕಾದದ್ದನ್ನು ಪ್ರಶ್ನಿಸಿದ; ಅದು ಸಂವಿಧಾನಬಾಹಿರ ಶೋಧನೆ ಎಂದು 2022ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಬರೆದದ್ದು ನಿಮ್ಮದಲ್ಲ, ಯಂತ್ರದ್ದು ಎಂಬ ಆರೋಪವೂ ಈಗ ಸಾಮಾನ್ಯವಾಗಿದೆ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2023ರಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಇಂಥ ಪತ್ತೆಗಾರ ತಂತ್ರಾಂಶಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರಬರಹವೆಂದು ತಪ್ಪಾಗಿ ಗುರುತಾದವು. ಸರಳ ಪದ, ಸರಳ ವಾಕ್ಯ ಬಳಸಿದ್ದೇ ಅಪರಾಧವಾದಂತಾಯಿತು. ಆದ್ದರಿಂದ ಕರಡುಗಳನ್ನು ಅಳಿಸಬೇಡಿ. ಕಾಗದದ ಮೇಲೆ ಬರೆದಿದ್ದರೆ ದಿನಾಂಕ ಹಾಕಿ ಫೋಟೋ ತೆಗೆದಿಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಹಿಂದಿನ ಆವೃತ್ತಿಗಳು ಗಂಟೆಸಹಿತ ದಾಖಲಾಗುತ್ತವೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹಾಸ್ಟೆಲ್ಲಿನಲ್ಲಿರುವ ಹೆಣ್ಣುಮಕ್ಕಳಿಗೆ ಒಂದು ತೀರ್ಪನ್ನು ತಿಳಿಸಬೇಕು. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲ್ಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ವಿದ್ಯಾರ್ಥಿನಿಯರು ಫೋನನ್ನು ಒಪ್ಪಿಸಬೇಕಿತ್ತು. ಒಪ್ಪದ ಫಹೀಮಾ ಶಿರಿನ್ ಅವರನ್ನು ಹೊರಹಾಕಿದರು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು, ಅಂತರಜಾಲದ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ, ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ನಿಮ್ಮ ವಾರ್ಡನ್ ಹೀಗೆಯೇ ಫೋನು ಕೇಳಿದರೆ, ಈ ಪ್ರಕರಣದ ಹೆಸರನ್ನು ಬರೆದು ಅರ್ಜಿ ಕೊಡಿ. ಅರ್ಜಿಯಲ್ಲಿ ಕೋರ್ಸಿನ ಹೆಸರು, ತರಗತಿಯ ಹೊತ್ತು, ಪಾಠದ ವೇಳಾಪಟ್ಟಿಯ ಸ್ಕ್ರೀನ್‌ಶಾಟ್ ಇರಲಿ. ಒಬ್ಬರೇ ಕೊಡುವ ಬದಲು ಆ ಕೋರ್ಸಿನಲ್ಲಿರುವ ಎಲ್ಲರೂ ಸಹಿ ಮಾಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯೊಂದನ್ನು ನಿಮ್ಮ ಬಳಿ ಉಳಿಸಿಕೊಳ್ಳಿ.

ಪ್ರಶ್ನೆಗಳಿಗೆ ಇನ್ನು ಇಪ್ಪತ್ತು ನಿಮಿಷ ಉಳಿದಿದೆ. ಕ್ಯಾಮೆರಾ ಆರಿಸಿಟ್ಟೇ ಕೇಳಿ. ಮಾತನಾಡಲು ಸಿಗ್ನಲ್ ಸಾಲದವರು ಕನ್ನಡದಲ್ಲಿಯೇ ಬರೆದು ಕಳುಹಿಸಿ, ನಾನು ಓದಿ ಉತ್ತರಿಸುತ್ತೇನೆ.