ಚಲಿಸುವ ನೀರೂ ಕರಾವಳಿಯ ಜೀವಿಗಳೂ

(ಚೇಕಾಡಿಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಕುರಿತು ಮಾಡಿದ ಭಾಷಣ)



ಕಬಿನಿಯ ತಡಿಯಲ್ಲಿ, ಗಂಧಕಶಾಲ ಭತ್ತದ ಗದ್ದೆಗಳ ಮಗ್ಗುಲಲ್ಲಿ ನಿಂತು ನಾವು ಕಡಲಿನ ವಿಚಾರವನ್ನೆತ್ತಿದರೆ ನಿಮಗೆ ಸೋಜಿಗವೆನಿಸಬಹುದು. ಆದರೆ ನಾವು ಹೇಳಲಿರುವ ಮಾತಿನ ಅರ್ಧವನ್ನು ಚೇಕಾಡಿಯ ಬೇಸಾಯಗಾರರು ಆಗಲೇ ಬಲ್ಲರು. ಗದ್ದೆಗೆ ನೀರು ಬೇಕಾದಾಗ ಬರಬೇಕು. ಬೇಡವಾದಾಗ ಬದು ಕಡಿದು ಹೊರಬಿಡಬೇಕು. ಹೊತ್ತು ತಪ್ಪಿದ ನೀರು ಪೈರನ್ನು ಕೆಡಿಸುತ್ತದೆ. ಕರಾವಳಿಯ ಆಳವಿಲ್ಲದ ನೀರಿನಲ್ಲಿ ಬಾಳುವ ಜೀವಿಗಳ ಸ್ಥಿತಿಯೂ ಹೀಗೆಯೇ.

ನೆಲದ ಪ್ರಾಣಿ ಆಹಾರವನ್ನು ಅರಸಿ ಹೋಗುತ್ತದೆ. ಕಡಲತಡಿಯಲ್ಲಾದರೋ ಎಷ್ಟೋ ಜೀವಿಗಳು ಕುಳಿತಲ್ಲಿಯೇ ಇರುತ್ತವೆ. ಅವುಗಳಿಗೆ ಆಹಾರವನ್ನೂ ಪ್ರಾಣವಾಯುವನ್ನೂ ನೀರೇ ಹೊತ್ತು ತರುತ್ತದೆ. ಅವುಗಳ ಮರಿಗಳನ್ನು ಹೊಸ ನೆಲೆಗೆ ಒಯ್ಯುತ್ತದೆ. ಬಂಡೆಗೆ ಅಂಟಿಕೊಂಡು ಬಾಳುವ ಬಾರ್ನಕಲ್ ಎಂಬ ಚಿಪ್ಪುಜೀವಿಯು ಗರಿಯಂಥ ಕಾಲುಗಳನ್ನು ಹೊರಚಾಚಿ ನೀರಿನಿಂದ ಆಹಾರವನ್ನು ಸೋಸಿಕೊಳ್ಳುತ್ತದೆ. ಅಲೆಗಳು ಅಪ್ಪಳಿಸುವ ಕಡೆ ಈ ಕಾಲುಗಳು ಮೋಟಾಗಿಯೂ, ಶಾಂತವಾದ ನೀರಿನಲ್ಲಿ ನೀಳವಾಗಿಯೂ ಬೆಳೆಯುವುದನ್ನು ವಿಜ್ಞಾನಿಗಳು ಅಳೆದು ಕಂಡಿದ್ದಾರೆ. ನೀರಿನ ವೇಗವೇ ಅಂಗವನ್ನು ರೂಪಿಸುವುದೆಂದರೆ ಎಂತಹ ವಿಚಿತ್ರ!

ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಡುಗಡಲಿನಲ್ಲಿ ಮತ್ತೊಂದು ಚಲನೆಯುಂಟು. ಗಾಳಿ ಮತ್ತು ಪ್ರವಾಹಗಳಿಂದಾಗಿ ಮೇಲಿನ ನೀರು ತೀರದಿಂದ ಸರಿಯುತ್ತದೆ. ಆಳದ ತಂಪು ನೀರು ಗೊಬ್ಬರದಂಥ ಲವಣಗಳೊಡನೆ ಮೇಲೇರುತ್ತದೆ. ಆಗ ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆದು ಮೀನುಗಳಿಗೆ ಮೇವಾಗುತ್ತವೆ. ಇಲ್ಲಿ ಮತ್ತಿಯೆಂದೂ ಮಂಗಳೂರಿನ ಕಡೆ ಬೂತಾಯಿಯೆಂದೂ ಕರೆಯುವ ಮೀನು ಹೇರಳವಾಗುವುದು ಈ ಮೇವಿನಿಂದಲೇ.

ಈಗ ಉತ್ತರ ಕನ್ನಡದ ಎರಡು ನದಿಗಳನ್ನು ಹೋಲಿಸಿ ನೋಡೋಣ. ಕುಮಟೆಯ ಬಳಿ ಕಡಲನ್ನು ಕೂಡುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದರ ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರದ ಉಪ್ಪುನೀರು ಏರಿ, ಇಳಿತದಲ್ಲಿ ಮರಳುತ್ತದೆ. ಮಳೆಗಾಲದಲ್ಲಿ ಸಿಹಿನೀರು ಮೇಲುಗೈಯಾಗುತ್ತದೆ. ಈ ಕ್ರಮಕ್ಕೆ ಹೊಂದಿಕೊಂಡ ಬಳಚು ಎಂಬ ಚಿಪ್ಪುಜೀವಿ ಅಲ್ಲಿ ಸಾವಿರಾರು ಜನರ ಜೀವನೋಪಾಯವಾಗಿದೆ. ಉಪ್ಪು ಸೇರುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತವೂ ಬೆಳೆಯುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು.

ಅದರ ದಕ್ಷಿಣಕ್ಕೆ, ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಿತು. ಅದರಿಂದ ನಾಡಿಗೆ ದೊರೆತ ಬೆಳಕನ್ನು ನಾವು ಹಳಿಯುವುದಿಲ್ಲ. ಆದರೆ ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಹರಿದುಬಂದು ಅಳಿವೆಯ ಉಪ್ಪು ತಗ್ಗಿತು. ಬಳಚು ಬಹುಮಟ್ಟಿಗೆ ಇಲ್ಲವಾಯಿತು. ಅದನ್ನು ಆರಿಸಿ ಬಾಳುತ್ತಿದ್ದವರ ಬುಟ್ಟಿ ಬರಿದಾಯಿತು. ಇಲ್ಲಿ ನೀರಿಗೆ ಕೊರತೆಯಿರಲಿಲ್ಲ. ಅದು ಹೊತ್ತು ತಪ್ಪಿ ಬಂದಿತ್ತು.

ಕಡಲು ಸೇರಿದ ನೀರು ವ್ಯರ್ಥವೆಂದು ನಾವು ಹಲವು ವೇಳೆ ಆಡುತ್ತೇವೆ. ಅಳಿವೆಯ ಜೀವಿಗಳನ್ನು ಬಲ್ಲವರು ಹಾಗೆ ಹೇಳಲಾರರು. ನಿಮ್ಮ ಕಬಿನಿಯೂ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ಮೂಡಣ ಕಡಲಿನತ್ತ ಸಾಗುತ್ತದೆ. ಇಲ್ಲಿ ನಾವು ಹೊಳೆಗೆ ಎಸೆದ ಕಸವೂ ಅದರ ಜೊತೆಗೇ ಪ್ರಯಾಣ ಹೊರಡುತ್ತದೆಂಬುದನ್ನು ಮರೆಯದಿರೋಣ.

ವಿದ್ಯಾರ್ಥಿಗಳೇ, ಬೇಸಗೆಯಲ್ಲಿ ನೀರು ಇಳಿದಾಗ ಹಿರಿಯರೊಡನೆ ತೋಡಿನ ಬಳಿಗೆ ಹೋಗಿರಿ. ರಭಸದ ನೀರಿನ ಕಲ್ಲಿನಡಿ ಯಾವ ಜೀವಿಯಿದೆ, ನಿಂತ ನೀರಿನಲ್ಲಿ ಯಾವುದಿದೆ ಎಂಬುದನ್ನು ನೋಡಿ ಬರೆದಿಡಿರಿ. ಕಡಲನ್ನು ಕಾಣದೆಯೇ ಕಡಲಿನ ಮೊದಲ ಪಾಠವನ್ನು ನೀವು ಕಲಿತಂತಾಗುವುದು. ಇಷ್ಟನ್ನು ಅರಿಕೆಮಾಡಿ ನಮ್ಮ ಮಾತನ್ನು ಮುಗಿಸುತ್ತೇವೆ.