ಹಳೆಯ ದೊಡ್ಡ ಕ್ಯಾಮೆರಾ ಮತ್ತು ಅದಕ್ಕೆ ಹೊಂದುವ ಬಿಡಿಭಾಗಗಳು

(ಬೆಟ್ಟಗಳ ಛಾಯಾದಾಖಲೆಯನ್ನು ಕುರಿತ ಉಪನ್ಯಾಸದ ಲಿಖಿತ ರೂಪ)



1983ರ ಮಾರ್ಚ್ 5ರಂದು ಆಸ್ಟ್ರೇಲಿಯದಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು ಅಲ್ಲಿನ ಪತ್ರಿಕೆಗಳಲ್ಲಿ ನದಿಯೊಂದರ ಬಣ್ಣದ ಚಿತ್ರ ಜಾಹೀರಾತಾಗಿ ಪ್ರಕಟವಾಗಿತ್ತು. ಟಾಸ್ಮೇನಿಯಾದ ಫ್ರಾಂಕ್ಲಿನ್ ನದಿಯು ಬಂಡೆಗಳ ನಡುವೆ ತಿರುಗುವ ಸ್ಥಳ, ಮೇಲೆ ಮುಂಜಾವಿನ ಮಂಜು. ಆ ನದಿಯನ್ನು ಮುಳುಗಿಸಲಿದ್ದ ಅಣೆಕಟ್ಟನ್ನು ಬೆಂಬಲಿಸುವ ಪಕ್ಷಕ್ಕೆ ಮತ ನೀಡುವಿರಾ ಎಂಬುದು ಜಾಹೀರಾತಿನ ಪ್ರಶ್ನೆಯಾಗಿತ್ತು. ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ಜುಲೈ 1ರಂದು ಅಲ್ಲಿನ ಉಚ್ಚ ನ್ಯಾಯಾಲಯವು 4-3ರ ಬಹುಮತದಿಂದ ನೀಡಿದ ತೀರ್ಪು ಅಣೆಕಟ್ಟನ್ನು ತಡೆಯಿತು. ಒಂದು ಚಿತ್ರವೇ ಇದೆಲ್ಲವನ್ನೂ ಸಾಧಿಸಿತೆಂದರೆ ಅತಿಶಯೋಕ್ತಿ. ಆ ಹೋರಾಟದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾಗಿದ್ದರು. ಆದರೆ ಎಂದೂ ನೋಡದ ನದಿಯನ್ನು ನಗರವಾಸಿಗಳ ಕಣ್ಣೆದುರಿಗೆ ತಂದು ನಿಲ್ಲಿಸಿದ್ದು ಆ ಚಿತ್ರ.

ಅದನ್ನು ತೆಗೆದ ಪೀಟರ್ ಡೊಂಬ್ರೊವ್‌ಸ್ಕಿಸ್ ಬಳಸುತ್ತಿದ್ದುದು ಲಿನ್‌ಹಾಫ್ ಎಂಬ ಜರ್ಮನ್ ಕ್ಯಾಮೆರಾ. ಅದರಲ್ಲಿ ಒಂದು ಸಲಕ್ಕೆ 4×5 ಅಂಗುಲದ ಒಂದೇ ಹಾಳೆ ಫಿಲ್ಮ್. ಸಾಧಾರಣ 35 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಇದರ ವಿಸ್ತೀರ್ಣ ಸುಮಾರು 15 ಪಟ್ಟು. ದೂರದ ಇಳಿಜಾರಿನ ಒಂದೊಂದು ಮರವನ್ನೂ ಎಣಿಸಬಹುದಾದ ಸೂಕ್ಷ್ಮತೆ ಇಂಥ ಹಾಳೆಗೆ ಉಂಟು. ಕುದುರೆಮುಖದಲ್ಲಿ 2005ರ ಕೊನೆಗೆ ಅದಿರು ಗಣಿಗಾರಿಕೆ ನಿಂತಿತು. ಅಂಥ ಇಳಿಜಾರಿನಲ್ಲಿ ಹುಲ್ಲು ಮರಳಿತೇ, ಮಣ್ಣು ಜಾರುತ್ತಿದೆಯೇ ಎಂಬುದನ್ನು ವರ್ಷಕ್ಕೊಮ್ಮೆ ಒಂದೇ ಜಾಗದಿಂದ ತೆಗೆದ ಚಿತ್ರ ಹೇಳಬಲ್ಲದು. ದಿನನಿತ್ಯದ ವರದಿಗೆ ಮೊಬೈಲ್ ಸಾಕು, ಅದಕ್ಕಾಗಿ ಫಿಲ್ಮಿಗೆ ಹಣ ಸುರಿಯಬೇಕಾಗಿಲ್ಲ. ದಶಕಗಳ ನಂತರವೂ ಯಾವ ಯಂತ್ರದ ನೆರವೂ ಇಲ್ಲದೆ ಬೆಳಕಿಗೆ ಹಿಡಿದು ಓದಬಹುದಾದ ದಾಖಲೆ ಬೇಕಾದಾಗ ಮಾತ್ರ ದೊಡ್ಡ ನೆಗೆಟಿವ್‌ನ ಮಾತು ಬರುತ್ತದೆ.

ಇಂಥ ಕ್ಯಾಮೆರಾ ಲಿನ್‌ಹಾಫ್‌ನದೇ ಆಗಬೇಕೆಂದಿಲ್ಲ. ಹಿಂದೆ ಪೇಟೆಯ ಸ್ಟುಡಿಯೋಗಳಲ್ಲಿ ಮದುವೆ, ಶಾಲೆಗಳ ಗುಂಪುಚಿತ್ರಕ್ಕೆ ಬಳಸುತ್ತಿದ್ದ ಮರದ ಕ್ಯಾಮೆರಾಗಳೂ ಇದೇ ಜಾತಿಯವು. ಕೇರಳದ ಆಲಪ್ಪುಳದಲ್ಲಿ ತೇಗ, ಹಿತ್ತಾಳೆಗಳಿಂದ ತಯಾರಾಗುತ್ತಿದ್ದ ‘ವಾಗೀಶ್ವರಿ’ ಕ್ಯಾಮೆರಾ ದೇಶದ ಅನೇಕ ಸ್ಟುಡಿಯೋಗಳನ್ನು ತಲುಪಿತ್ತು. ಅಟ್ಟದ ಮೇಲಿರುವ ಇಂಥ ಪೆಟ್ಟಿಗೆಗಳು ಕೆಟ್ಟಿವೆ ಎನ್ನುವುದಕ್ಕಿಂತ ಅವುಗಳ ಸಂಗಾತಿಗಳು ಕಳೆದುಹೋಗಿವೆ ಎನ್ನುವುದೇ ಸರಿ. ಮೂಲತಃ ಇದು ಎರಡು ಚೌಕಟ್ಟುಗಳು ಮತ್ತು ನಡುವೆ ಹಾರ್ಮೋನಿಯಂ ತಿದಿಯಂತೆ ಮಡಿಕೆಯಾದ ಬೆಲ್ಲೋಸ್; ಅಷ್ಟೇ. ಮಸೂರ, ಅದನ್ನು ಹಿಡಿಯುವ ಹಲಗೆ, ಫಿಲ್ಮ್ ಹೋಲ್ಡರ್, ಮುಕ್ಕಾಲಿ ಎಲ್ಲವೂ ಹೊರಗಿನಿಂದ ಬರಬೇಕು. ಒಂದು ಹೊಂದದಿದ್ದರೂ ಕ್ಯಾಮೆರಾ ಕೇವಲ ಅಲಂಕಾರದ ವಸ್ತು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಫಿಲ್ಮ್ ಹೋಲ್ಡರ್. ಛಾಯಾಗ್ರಾಹಕ ಮೊದಲು ಹಿಂಬದಿಯ ಉಜ್ಜಿದ ಗಾಜಿನ ಮೇಲೆ ಬಿಂಬವನ್ನು ಸ್ಪಷ್ಟಗೊಳಿಸುತ್ತಾನೆ. ಬಳಿಕ ಹೋಲ್ಡರನ್ನು ತೂರಿಸುತ್ತಾನೆ. ಗಾಜು ಎಲ್ಲಿತ್ತೋ ಫಿಲ್ಮ್ ಕರಾರುವಾಕ್ಕಾಗಿ ಅಲ್ಲಿಯೇ ನಿಲ್ಲಬೇಕು. 4×5 ಅಂಗುಲದ ಹೋಲ್ಡರಿಗೆ ಒಪ್ಪಿತ ಮಾನದಂಡವೊಂದಿದ್ದು, ಅದರ ಅಂಚಿನಿಂದ ಫಿಲ್ಮಿನವರೆಗಿನ ಆಳ 0.197 ಅಂಗುಲ, ಎಂದರೆ 5 ಮಿ.ಮೀ. ಇರಬೇಕು. ಹೆಚ್ಚುಕಡಿಮೆಗೆ ಬಿಟ್ಟ ಅವಕಾಶ 0.007 ಅಂಗುಲ ಮಾತ್ರ. ಈ ಮಾನದಂಡದಿಂದಾಗಿ ಫಿಡೆಲಿಟಿ, ಲಿಸ್ಕೊ, ಟೊಯೊ ಮುಂತಾದ ಹೋಲ್ಡರುಗಳು ಬಹುತೇಕ 4×5 ಕ್ಯಾಮೆರಾಗಳಿಗೆ ಪರಸ್ಪರ ಹೊಂದುತ್ತವೆ.

ಮರದ ಹಾಫ್ ಪ್ಲೇಟ್ ಕ್ಯಾಮೆರಾಗಳಿಗೆ ಈ ಸೌಲಭ್ಯವಿಲ್ಲ. ಅವುಗಳ ಅಳತೆ 4¾×6½ ಅಂಗುಲ. ಪುಸ್ತಕದಂತೆ ತೆರೆಯುವ ಮರದ ಹೋಲ್ಡರುಗಳನ್ನು ಬಡಗಿಯು ಆಯಾ ಕ್ಯಾಮೆರಾಕ್ಕೇ ಕೂರಿಸಿ ಮಾಡುತ್ತಿದ್ದ. ಹೆಸರು ಒಂದೇ ಎಂದು ಮತ್ತೊಂದು ಊರಿನಿಂದ ತರಿಸಿದ ಹೋಲ್ಡರು ಕೂರುತ್ತದೆಂಬ ಭರವಸೆಯಿಲ್ಲ. ಮೇಲಾಗಿ ಅವು ಗಾಜಿನ ಪ್ಲೇಟಿಗೆ ಮಾಡಿದವು. ಗಾಜಿನ ಜಾಗದಲ್ಲಿ ತೆಳುವಾದ ಫಿಲ್ಮ್ ಇಟ್ಟರೆ ಅದು ಬಾಗುತ್ತದೆ, ಸ್ಥಾನವೂ ತಪ್ಪುತ್ತದೆ. ಫಿಲ್ಮನ್ನು ಹಿಡಿಯುವ ಲೋಹದ ತೆಳು ತಗಡು, ಅಂದರೆ ಶೀತ್, ಇದ್ದರೆ ಮಾತ್ರ ಅವು ಉಪಯುಕ್ತ. 13×18 ಸೆಂ.ಮೀ. ಫಿಲ್ಮನ್ನು 5×7 ಅಂಗುಲದ್ದೆಂದು ಕೊಂಡು ಮೋಸಹೋಗುವವರೂ ಉಂಟು. ಅದು ಎರಡು-ಮೂರು ಮಿ.ಮೀ. ದೊಡ್ಡದಾದ್ದರಿಂದ 5×7ರ ಹೋಲ್ಡರಿನೊಳಗೆ ಹೋಗುವುದಿಲ್ಲ.

ಆದಕಾರಣ ಕೊಳ್ಳುವ ಮೊದಲು ಅಳೆಯಬೇಕು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಈ ಕೆಲಸಕ್ಕೆ ಸಾಕು. ಹೋಲ್ಡರು ಒರಗುವ ಮೇಲ್ಮೈಯಿಂದ ಗಾಜಿನ ಉಜ್ಜಿದ ಮುಖದವರೆಗಿನ ಆಳ ಒಂದು. ಹೋಲ್ಡರಿನ ಅಂಚಿನಿಂದ ಅದರೊಳಗಿನ ಫಿಲ್ಮಿನ ಮುಖದವರೆಗಿನ ಆಳ ಇನ್ನೊಂದು. ಇವೆರಡೂ ಸಮನಾಗಿರಬೇಕು. ಗಾಜಿನ ಉಜ್ಜಿದ ಮುಖ ಮಸೂರದ ಕಡೆಗೇ ಇದೆಯೇ ಎಂಬುದನ್ನೂ ನೋಡಬೇಕು. ಎಷ್ಟೋ ಕ್ಯಾಮೆರಾಗಳಲ್ಲಿ ಯಾರೋ ಒರೆಸಲು ತೆಗೆದು ತಿರುಗಮುರುಗ ಕೂರಿಸಿರುತ್ತಾರೆ. ಆಗ ಗಾಜಿನ ದಪ್ಪಕ್ಕೆ ತಕ್ಕಂತೆ ಪ್ರತಿ ಚಿತ್ರವೂ ಮಸುಕಾಗಿ, ದೋಷವೆಲ್ಲ ಮಸೂರದ ತಲೆಗೆ ಬರುತ್ತದೆ. ಗಾಜು ಒಡೆದಿದ್ದರೆ ಕಿಟಕಿಯ ಗಾಜನ್ನು ನುಣುಪಾದ ಕಾರ್ಬೊರಂಡಂ ಪುಡಿ ಮತ್ತು ನೀರು ಹಾಕಿ ಉಜ್ಜಿ ಮನೆಯಲ್ಲೇ ಮಾಡಿಕೊಳ್ಳಬಹುದು.

ಮಸೂರದ ವಿಷಯ ಇಷ್ಟು ಕಠಿಣವಲ್ಲ. ಹಳೆಯ ಚಿತ್ರವೊಂದನ್ನು ಮತ್ತೆ ಅದೇ ಜಾಗದಿಂದ ತೆಗೆಯುವವರು ಮೂಲ ಮಸೂರವೇ ಬೇಕೆಂದು ಹುಡುಕಿ ದಣಿಯುತ್ತಾರೆ. ಅದರ ಅಗತ್ಯವಿಲ್ಲ. ಹತ್ತಿರದ ಮರ ಮತ್ತು ಹಿಂದಿನ ಗುಡ್ಡಗಳ ಪರಸ್ಪರ ಸಂಬಂಧವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಸ್ಥಳ; ಮಸೂರದ ನಾಭಿದೂರವು ಎಷ್ಟು ಭಾಗ ಒಳಬರಬೇಕೆಂಬುದನ್ನಷ್ಟೇ ನಿರ್ಧರಿಸುತ್ತದೆ. ತುಸು ಅಗಲ ಕೋನದ ಮಸೂರದಿಂದ ತೆಗೆದು ಅಂಚು ಕತ್ತರಿಸಿದರಾಯಿತು. ಆದರೆ ಮಸೂರದ ಬಿಂಬ ಇಡೀ ಹಾಳೆಯನ್ನು ಆವರಿಸಬೇಕು. ಸಣ್ಣ ಕ್ಯಾಮೆರಾದ ಮಸೂರ ಹಾಕಿದರೆ ನಡುವೆ ಒಂದು ವೃತ್ತ ಬಿಟ್ಟು ಉಳಿದದ್ದೆಲ್ಲ ಕತ್ತಲೆ.

ಮಸೂರದ ಹಲಗೆಯನ್ನು ಊರಿನ ಬಡಗಿಯೇ ಮಾಡಬಲ್ಲ. ಕೊಪಾಲ್ ಶಟರುಗಳ 0, 1, 3 ಎಂಬ ಗಾತ್ರಗಳಿಗೆ ಕ್ರಮವಾಗಿ 34.6, 41.6 ಮತ್ತು 65 ಮಿ.ಮೀ. ರಂಧ್ರ ಬೇಕು. ಪ್ಲೈವುಡ್ಡಿನ ಒಳಮುಖಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಅಂಚಿನಲ್ಲಿ ಬೆಳಕು ನುಸುಳದಂತೆ ಮೆಟ್ಟಿಲು ಕೊರೆದರೆ ಸಾಕು. ಲಿನ್‌ಹಾಫ್ ಟೆಕ್ನಿಕಾ ಹೊಂದಿರುವವರು ಮಾತ್ರ ಎಚ್ಚರ ವಹಿಸಬೇಕು. ಅದರ 4ನೆಯ ಮಾದರಿಯಿಂದ ಈಚಿನ ಹಲಗೆಗಳು ಸುಮಾರು 96×99 ಮಿ.ಮೀ. ಅಳತೆಯವು, ಇತರ ಹಲವು ಕಂಪನಿಗಳೂ ಇದನ್ನೇ ಅನುಸರಿಸಿವೆ. 3ನೆಯ ಮಾದರಿಯ ಹಲಗೆಯೇ ಬೇರೆ.

ಹಳೆಯ ಕ್ಯಾಮೆರಾದ ಜೊತೆಗೆ ಕೆಲವೊಮ್ಮೆ ಪೋಲರಾಯ್ಡ್ 545 ಹೋಲ್ಡರನ್ನೂ ಸೇರಿಸಿ ಬೆಲೆ ಹೇಳುತ್ತಾರೆ. ಪೋಲರಾಯ್ಡ್ ಕಂಪನಿಯು 2008ರಲ್ಲಿ ತನ್ನ ತತ್‌ಕ್ಷಣದ ಫಿಲ್ಮುಗಳ ತಯಾರಿಕೆಯನ್ನು ನಿಲ್ಲಿಸಿತು. ಅದಕ್ಕೆ ಹಣ ಕೊಡುವುದು ವ್ಯರ್ಥ.

ಮುಕ್ಕಾಲಿಯದು ಬೇರೆಯೇ ಕಥೆ. ಬ್ರಿಟಿಷ್ ಮಾದರಿಯ ಅನೇಕ ಮರದ ಕ್ಯಾಮೆರಾಗಳ ತಳದಲ್ಲಿ ತಿರುಪಿನ ತೂತೇ ಇಲ್ಲ. ಹಿತ್ತಾಳೆಯ ಬಳೆಯೊಂದಿದ್ದು ಮೂರು ಮರದ ಕಾಲುಗಳು ನೇರವಾಗಿ ಅದಕ್ಕೇ ಸಿಕ್ಕಿಕೊಳ್ಳುತ್ತವೆ. ಕಾಲುಗಳು ಕಳೆದಿದ್ದರೆ ಆ ಬಳೆಯನ್ನು ಕೊರೆದು ಹಾಳುಮಾಡಬಾರದು. ಅದರ ಮೇಲೆ ಗಟ್ಟಿ ಹಲಗೆಯೊಂದನ್ನು ಬಿಗಿದು, ಹಲಗೆಗೆ 3/8 ಅಂಗುಲದ ತಿರುಪಿನ ಬುಶ್ ಕೂರಿಸಿದರೆ ಇಂದಿನ ಭಾರದ ಟ್ರೈಪಾಡ್ ಹಿಡಿಯುತ್ತದೆ.

ಬೆಲ್ಲೋಸ್ ಪರೀಕ್ಷೆಗೆ ಕತ್ತಲೆಯ ಕೋಣೆ ಮತ್ತು ಒಂದು ಟಾರ್ಚು ಬೇಕು. ಟಾರ್ಚನ್ನು ಒಳಗೆ ಹಿಡಿದು ಮಡಿಕೆಗಳನ್ನು ಪೂರ್ತಿ ಚಾಚಿದರೆ ಮೂಲೆಗಳಲ್ಲಿ ಚುಕ್ಕೆಚುಕ್ಕೆ ಬೆಳಕು ಕಾಣುತ್ತದೆ. ಸಣ್ಣ ತೂತುಗಳನ್ನು ಕಪ್ಪು ಬಟ್ಟೆಯ ತುಣುಕು ಮತ್ತು ರಬ್ಬರ್ ಅಂಟಿನಿಂದ ಮುಚ್ಚಬಹುದು. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಚರ್ಮದ ಪೆಟ್ಟಿಗೆಯೊಳಗಿಟ್ಟ ಬೆಲ್ಲೋಸಿಗೂ ಮಸೂರಕ್ಕೂ ಬೂಷ್ಟು ತಪ್ಪದು. ಗಾಳಿಯಾಡುವ ಒಣ ಜಾಗದಲ್ಲಿ ತೆರೆದಿಡುವುದೇ ಲೇಸು.

4×5ರ ಹಾಳೆ ಫಿಲ್ಮನ್ನು ಇಲ್‌ಫರ್ಡ್, ಫೋಮಾ ಕಂಪನಿಗಳು ಈಗಲೂ ತಯಾರಿಸುತ್ತವೆ. ಹಾಫ್ ಪ್ಲೇಟಿಗೆ ದೊಡ್ಡ ಹಾಳೆಯನ್ನು ಕತ್ತರಿಸಿಕೊಳ್ಳುವುದೇ ಸುಲಭದ ದಾರಿ. ಮೊದಲ ಪರೀಕ್ಷೆಗಂತೂ ಫಿಲ್ಮ್ ಬೇಡ. ಕಪ್ಪು-ಬಿಳುಪು ಮುದ್ರಣದ ಕಾಗದವನ್ನು ಕೆಂಪು ದೀಪದಲ್ಲಿ ಕತ್ತರಿಸಿ ಹೋಲ್ಡರಿಗೆ ತುಂಬಬಹುದು. ಅದರ ವೇಗ ಬಹಳ ಕಡಿಮೆಯಾದ್ದರಿಂದ, ರಂಧ್ರವನ್ನು ಕಿರಿದುಗೊಳಿಸಿದರೆ ಬಿಸಿಲಿನಲ್ಲೂ ಒಂದೆರಡು ಸೆಕೆಂಡು ಬೆಳಕು ಬೇಕಾಗುತ್ತದೆ. ಶಟರಿಲ್ಲದ ಹಿತ್ತಾಳೆ ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು ಹಾಕಿದರೂ ನಡೆಯುತ್ತದೆ. ಹೋಲ್ಡರಿನ ಪರೀಕ್ಷೆಗೆ ಮಾತ್ರ ರಂಧ್ರವನ್ನು ಪೂರ್ತಿ ತೆರೆದೇ ಇಡಬೇಕು. ಕಿರಿದುಗೊಳಿಸಿದರೆ ತಪ್ಪು ಮರೆಯಾಗುತ್ತದೆ. ನೆರಳಿನಲ್ಲಿ ಅಳತೆಪಟ್ಟಿಯೊಂದನ್ನು ಓರೆಯಾಗಿಟ್ಟು, ಅದರ ನಡುವಿನ ಅಂಕಿಯನ್ನು ಗಾಜಿನ ಮೇಲೆ ಸ್ಪಷ್ಟಗೊಳಿಸಿ ಚಿತ್ರ ತೆಗೆಯಬೇಕು. ಕಾಗದವನ್ನು ತೊಳೆದಾಗ ಅದೇ ಅಂಕಿ ಅತಿ ಸ್ಪಷ್ಟವಾಗಿದ್ದರೆ ಹೋಲ್ಡರು ಹೊಂದಿದೆ. ಬೇರೆ ಅಂಕಿ ಸ್ಪಷ್ಟವಾಗಿದ್ದರೆ, ಗಾಜಿನ ಚೌಕಟ್ಟಿನ ಅಡಿಗೆ ತೆಳು ರಟ್ಟಿನ ಪಟ್ಟಿ ಇಟ್ಟೋ ಅಥವಾ ಅಲ್ಲಿರುವುದನ್ನು ತೆಗೆದೋ ಮತ್ತೆ ಅಳೆಯಬೇಕು. ಹೊಂದಿದ ಹೋಲ್ಡರುಗಳ ಮೇಲೆ ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಪ್ರತಿ ಚಿತ್ರದ ದಿನಾಂಕ ಮತ್ತು ಸ್ಥಳದ ಜೊತೆಗೆ ದಾಖಲೆ ಪುಸ್ತಕದಲ್ಲಿ ನಮೂದಿಸುವುದು ರೂಢಿಯಾಗಲಿ.