ಮರದ ಪುಟ್ಟ ಗಾಡಿಗಳ ಪಂದ್ಯ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಆಡುವ ಒಂದು ಪಂದ್ಯವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದಕ್ಕೆ ‘ಪೈನ್‌ವುಡ್ ಡರ್ಬಿ’ ಎಂದು ಹೆಸರು. ಡರ್ಬಿ ಎಂದೊಡನೆ ಕುದುರೆಯ ಜೂಜು ನೆನಪಿಗೆ ಬರುವುದು ಸಹಜ. ಇಲ್ಲಿ ಕುದುರೆಯೂ ಇಲ್ಲ, ಜೂಜೂ ಇಲ್ಲ. ಓಡುವುದು ಪೈನ್ ಮರದ ತುಂಡಿನಿಂದ ಕೆತ್ತಿದ, ಗೇಣಿಗಿಂತ ಗಿಡ್ಡನಾದ ಮೋಟಾರು ಗಾಡಿಯ ಮಾದರಿ. ಅದಕ್ಕೆ ಯಂತ್ರವಿಲ್ಲ, ಇಳಿಜಾರಾದ ಹಲಗೆಯ ಮೇಲಿನಿಂದ ಬಿಟ್ಟರೆ ಭೂಮಿಯ ಆಕರ್ಷಣವೇ ಅದನ್ನು ಎಳೆದೊಯ್ಯುವುದು.

ಇದರ ಹುಟ್ಟಿನ ಕಥೆ ಚಿಕ್ಕದು. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬವರು ‘ಕಬ್ ಸ್ಕೌಟ್’ ಎಂಬ ಕಿರಿಯ ಬಾಲಚರರ ತಂಡವೊಂದಕ್ಕೆ ನಾಯಕರಾಗಿದ್ದರು. ಆ ದೇಶದಲ್ಲಿ 1930ರ ದಶಕದಿಂದಲೂ ‘ಸೋಪ್ ಬಾಕ್ಸ್ ಡರ್ಬಿ’ ಎಂಬ ಬೇರೊಂದು ಪಂದ್ಯ ನಡೆದುಬಂದಿತ್ತು. ಅದರಲ್ಲಿ ಹುಡುಗರು ತಾವೇ ಕಟ್ಟಿದ ಗಾಡಿಯೊಳಗೆ ಕುಳಿತು ಇಳಿಜಾರಿನಲ್ಲಿ ಓಡಿಸುವರು. ಅದಕ್ಕೆ ಸೇರಲು ಹನ್ನೆರಡು ವರ್ಷ ತುಂಬಿರಬೇಕಾಗಿತ್ತು. ಮರ್ಫಿಯವರ ಮಗನಿಗೆ ಹತ್ತೇ ವರ್ಷ. ಮಗ ಒಳಗೆ ಕೂರಲಾಗದಿದ್ದರೆ ಕೈಯಲ್ಲಿ ಹಿಡಿಯುವಷ್ಟು ಗಾಡಿಯನ್ನಾದರೂ ಓಡಿಸಲಿ ಎಂದು ತಂದೆ ಯೋಚಿಸಿದರು. 1953ನೆಯ ಇಸವಿ ಮೇ 15ರಂದು ಮೊದಲ ಪಂದ್ಯ ನಡೆಯಿತು. ಓಟದ ಹಲಗೆಯ ಉದ್ದ 31 ಅಡಿ. ಗೆಲುವನ್ನು ತೋರಿಸುವ ದೀಪದ ಏರ್ಪಾಟನ್ನು ಮನೆಬಾಗಿಲಿನ ಕರೆಗಂಟೆಯ ಸಾಮಾನಿನಿಂದ ಮಾಡಿಕೊಂಡಿದ್ದರು. ಮರುವರ್ಷ ಸ್ಕೌಟರ ‘ಬಾಯ್ಸ್ ಲೈಫ್’ ಪತ್ರಿಕೆಯಲ್ಲಿ ಇದರ ವಿಷಯ ಪ್ರಕಟವಾಯಿತು. ಆಮೇಲೆ ಊರೂರಿಗೂ ಹಬ್ಬಿತು. 2018ರಿಂದ ಹೆಣ್ಣುಮಕ್ಕಳಿಗೂ ಕಬ್ ಸ್ಕೌಟಿಗೆ ಪ್ರವೇಶ ದೊರೆತಿದೆ.

ನಿಯಮಗಳು ಕೆಲವೇ. ಪ್ರತಿ ಮಗುವಿಗೂ ಒಂದೇ ಬಗೆಯ ಪೊಟ್ಟಣ: ಸುಮಾರು ಏಳು ಅಂಗುಲ ಉದ್ದದ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ಅಚ್ಚಿಗೆ ಬದಲಾಗಿ ನಾಲ್ಕು ಮೊಳೆ. ಕೆತ್ತಿ ಮುಗಿಸಿದ ಗಾಡಿ ಸಾಧಾರಣವಾಗಿ ಐದು ಔನ್ಸನ್ನು ಮೀರಕೂಡದು. ಆಕಾರ ಅವರವರ ಇಷ್ಟ.

ಇಲ್ಲಿಯೇ ಸ್ವಾರಸ್ಯ. ನಾಲ್ಕು ಅಡಿ ಎತ್ತರದಿಂದ ಇಳಿದ ಗಾಡಿಗೆ ಯಾವ ಅಡ್ಡಿಯೂ ಇಲ್ಲದಿದ್ದರೆ ಕೆಳಗೆ ಬರುವಾಗ ಸೆಕೆಂಡಿಗೆ 16 ಅಡಿಯ ವೇಗವಿರಬೇಕೆಂದು ಲೆಕ್ಕ ಹೇಳುತ್ತದೆ. ಆ ಲೆಕ್ಕದಲ್ಲಿ ಗಾಡಿಯ ತೂಕದ ಪ್ರಸ್ತಾಪವೇ ಇಲ್ಲ. ಭಾರವಾದ ವಸ್ತುವೂ ಹಗುರವಾದ ವಸ್ತುವೂ ಸಮನಾಗಿ ಬೀಳುತ್ತವೆಂದು ಗೆಲಿಲಿಯೋ ತೋರಿಸಿಕೊಟ್ಟನಲ್ಲವೆ? ಹಾಗಿದ್ದೂ ಪಂದ್ಯದಲ್ಲಿ ಗೆಲ್ಲುವವು ಐದು ಔನ್ಸಿನ ಅಂಚಿನಲ್ಲಿರುವ ಗಾಡಿಗಳು. ಇದು ಗೆಲಿಲಿಯೋವಿಗೆ ಸೋಲಲ್ಲ. ಗಾಳಿಯ ಅಡ್ಡಿಯು ಗಾಡಿಯ ಆಕಾರವನ್ನೂ ವೇಗವನ್ನೂ ನೋಡುವುದೇ ಹೊರತು ತೂಕವನ್ನು ನೋಡುವುದಿಲ್ಲ. ಚಕ್ರಗಳನ್ನು ತಿರುಗಿಸಲು ತಗಲುವ ಶಕ್ತಿಯೂ ಹಾಗೆಯೇ. ಈ ಎರಡು ಸುಂಕಗಳೂ ಬಡವನಿಗೂ ಬಲ್ಲಿದನಿಗೂ ಒಂದೇ; ಎತ್ತರದಿಂದ ಹೆಚ್ಚು ಶಕ್ತಿಯನ್ನು ತಂದ ಭಾರದ ಗಾಡಿಗೆ ಆ ನಷ್ಟ ಅಷ್ಟಾಗಿ ತಾಗದು. ಭಾರವನ್ನು ಹಿಂದಿನ ಚಕ್ರಗಳ ಕಡೆಗೆ ಇಟ್ಟರೆ ಇನ್ನೊಂದು ಲಾಭ. ಹೊರಡುವಾಗ ಗಾಡಿಯ ಹಿಂಭಾಗ ಇಳಿಜಾರಿನ ಮೇಲೆ ಎತ್ತರದಲ್ಲಿರುವುದರಿಂದ ಭಾರ ಬೀಳುವ ದೂರ ತುಸು ಹೆಚ್ಚುತ್ತದೆ. ತೀರ ಹಿಂದಿಟ್ಟರೆ ಮಾತ್ರ ಮುಂದಿನ ಚಕ್ರಗಳಿಗೆ ಹಿಡಿತ ತಪ್ಪಿ ಗಾಡಿ ತೊನೆಯುವುದು.

ಇನ್ನು ಚಕ್ರ ಮತ್ತು ಮೊಳೆ. ಮೊಳೆಯ ತಲೆಯ ಕೆಳಗೆ ಅಚ್ಚಿನಿಂದ ಬಂದ ಸಣ್ಣ ಏಣು ಇರುತ್ತದೆ. ಅದನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನುಣುಪು ಮಾಡಿ, ಪೆನ್ಸಿಲ್ಲಿನ ಒಳಗಿರುವಂಥ ಗ್ರಾಫೈಟಿನ ಒಣಪುಡಿಯನ್ನು ಹಾಕುವರು. ನಮ್ಮ ಎತ್ತಿನ ಗಾಡಿಯ ಕೀಲೆಣ್ಣೆ ಇಲ್ಲಿ ಸಲ್ಲದು. ಇಷ್ಟು ಹಗುರವಾದ ಚಕ್ರವನ್ನು ಅದರ ಜಿಗುಟೇ ಹಿಡಿದು ನಿಲ್ಲಿಸೀತು. ಮುಂದಿನ ಒಂದು ಚಕ್ರವನ್ನು ಹಲಗೆಗೆ ತಾಗದಂತೆ ಕೂದಲೆಳೆಯಷ್ಟು ಎತ್ತಿ, ಮೂರೇ ಚಕ್ರದಲ್ಲಿ ಓಡಿಸುವ ಜಾಣರೂ ಉಂಟು. ತಿರುಗಿಸಬೇಕಾದ ಚಕ್ರ ಒಂದು ಕಡಿಮೆಯಾಯಿತಷ್ಟೆ!

ಓಟ ಮೂರು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಗೆಲುವು ಸೋಲುಗಳ ಅಂತರ ಎಷ್ಟೋ ಸಲ ಸೆಕೆಂಡಿನ ನೂರನೆಯ ಭಾಗಗಳ ಮಾತು. ಆ ನೂರನೆಯ ಭಾಗವನ್ನು ಗಳಿಸುವ ವಿದ್ಯೆ ಒಂಬತ್ತು ವರ್ಷದ ಮಗುವಿನದಲ್ಲ, ತಂದೆಯದು. ತಂದೆಯೂ ಮಗನೂ ಕೂಡಿ ದುಡಿಯಲೆಂದು ಮರ್ಫಿಯವರು ಹೂಡಿದ ಆಟದಲ್ಲಿ, ಗರಗಸ ತಂದೆಯ ಕೈಗೆ ಹೋಗಿ ಬಣ್ಣದ ಕುಂಚ ಮಾತ್ರ ಮಗನ ಪಾಲಿಗೆ ಉಳಿಯುವುದುಂಟು. ಉಜ್ಜಿ ಸಿದ್ಧಪಡಿಸಿದ ಚಕ್ರಗಳೂ, ಪೂರ್ತಿ ಕಟ್ಟಿದ ಗಾಡಿಗಳೂ ಈಗ ಮಾರಾಟಕ್ಕೆ ಸಿಗುತ್ತವೆ. ಈ ಅತಿಯನ್ನೇ ಹಾಸ್ಯಮಾಡಿ 2005ರಲ್ಲಿ ಒಂದು ಚಲಚ್ಚಿತ್ರವೂ ಬಂದಿತು.

ಕೆಲವು ತಂಡಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ: ಹಿರಿಯರಿಗೆಂದೇ ಪ್ರತ್ಯೇಕ ಪಂದ್ಯ. ನಗೆಯ ಮಾತಾಗಿ ತೋರಿದರೂ ನನಗೆ ಇದು ಬಹಳ ಒಪ್ಪಿಗೆಯಾದ ಏರ್ಪಾಟು. ತಂದೆಗೆ ಗೆಲ್ಲುವ ಚಪಲವಿದ್ದರೆ ತನ್ನ ಹೆಸರಿನಲ್ಲಿಯೇ ಗೆಲ್ಲಲಿ, ಸೋಲುವುದಿದ್ದರೆ ತನ್ನ ಹೆಸರಿನಲ್ಲಿಯೇ ಸೋಲಲಿ. ಮಗನು ಓರೆಯಾಗಿ ಕೊಯ್ದ ಗಾಡಿ ಅತ್ತ ಮಕ್ಕಳ ಸಾಲಿನಲ್ಲಿ ನಿಂತಿರುತ್ತದೆ. ತಕ್ಕಡಿಯ ಬಳಿ ಅದು ಹಗುರವೆಂದು ಕಂಡರೆ ಅವನೇ ಒಂದು ನಾಣ್ಯವನ್ನು ಬೆನ್ನಿಗೆ ಅಂಟಿಸುತ್ತಾನೆ. ಭಾರವೆಂದರೆ ಹೊಟ್ಟೆಯಲ್ಲಿ ಒಂದು ತೂತು ಕೊರೆಯುತ್ತಾನೆ. ಆಮೇಲೆ ಗಾಡಿಯನ್ನು ತೀರ್ಪುಗಾರರ ವಶಕ್ಕೆ ಒಪ್ಪಿಸಬೇಕು. ಓಟ ಮುಗಿಯುವವರೆಗೆ ಮಗನಾಗಲಿ ತಂದೆಯಾಗಲಿ ಅದನ್ನು ತಿದ್ದುವಂತಿಲ್ಲ.